ದಾದರ್ ಕಡೆ ತಲೆ ಮಾಡಿದ ಹನ್ನೆರಡು ನಕ್ಷತ್ರ

ಅಂಚು ಹೊಲಿಯುವವರಿಗೆ ತಾವು ಹೊಲಿಯುತ್ತಿರುವ ಬಾವುಟ ಯಾವ ದೇಶದ್ದೆಂದು ಬೇಗ ಗೊತ್ತಾಗುವುದಿಲ್ಲ. ಮಡಚಿದ ಬಟ್ಟೆ ಕೈಗೆ ಬರುತ್ತದೆ. ಒಂದು ಬದಿ ಬಿಚ್ಚಿ, ಅರ್ಧ ಇಂಚು ಒಳಗೆ ಮಡಿಸಿ, ಮತ್ತೊಮ್ಮೆ ಮಡಿಸಿ, ಹೊಲಿದು, ಮುಂದಿನ ಬದಿಗೆ ಹೋಗಬೇಕು. ನಡುವೆ ಸೂರ್ಯನಿದ್ದಾನೋ ಸಿಂಹವಿದೆಯೋ ಎಂದು ಬಿಡಿಸಿ ನೋಡುತ್ತ ಕೂತರೆ ಅಂದಿನ ಕೆಲಸ ಅಂದಿಗೆ ಮುಗಿಯದು. ಜಗತ್ತಿನ ಅರ್ಧ ದೇಶಗಳ ಅಂಚು ನನ್ನ ಬೆರಳಿಗೆ ಗೊತ್ತಿತ್ತು, ಒಂದು ದೇಶದ ನಡುವೂ ಗೊತ್ತಿರಲಿಲ್ಲ. ನನಗೆ ಆ ಅಂಚಿನ ಬಾಳು ಸಾಕಾಗಿ ಹೋಗಿತ್ತು.

ಎಪ್ಪತ್ತರ ದಶಕದ ನಡುವಿನ ಮಾತಿದು. ಬೊಂಬಾಯಿಯ ಪರೇಲಿನ ಚಾಳಿನಲ್ಲಿ, ಕೂಲಿಕಾರರ ವಠಾರದಲ್ಲಿ, ನಾವು ಆರು ಜನ ಹೆಂಗಸರು ಈ ಕೆಲಸ ಮಾಡುತ್ತಿದ್ದೆವು. ಹೆಚ್ಚಿನವರು ಬಾಗಲಕೋಟೆ, ವಿಜಾಪುರದ ಕಡೆಯವರು. ಮನೆಯ ಗಂಡಸರು ಮಿಲ್ಲಿಗೋ ಬಂದರಿಗೋ ಹೋದ ಮೇಲೆ ನೆಲಮಹಡಿಯ ಭಜನೆ ಖೋಲಿಯ ಬಾಗಿಲು ತೆಗೆದು, ತಾಳ, ದಮ್ಮಡಿಗಳನ್ನು ಗೂಟಕ್ಕೆ ಏರಿಸಿ, ಚಾಪೆ ಹಾಸಿ ಕೂರುತ್ತಿದ್ದೆವು. ಕೆಲಸ ಕೊಡುತ್ತಿದ್ದವರು ಬಂದರಿನ ಹತ್ತಿರ ಹಡಗುಗಳಿಗೆ ಹಗ್ಗ, ಲಾಟೀನು, ಬಾವುಟ ಒದಗಿಸುವ ಅಂಗಡಿಯ ಶೇಠ್. ಬಟ್ಟೆ ಕತ್ತರಿಸಿ, ಚಿತ್ರ ಕೂರಿಸಿ ಬಾವುಟ ಮಾಡುವವರು ಅವರ ಅಂಗಡಿಯ ಗಂಡಾಳುಗಳು. ನಮಗೆ ಬರುತ್ತಿದ್ದದ್ದು ಅಂಚು ಮಾತ್ರ.

ಏಪ್ರಿಲ್ ತಿಂಗಳಲ್ಲಿ ಒಂದು ದಿನ ಮುಗಿದ ಗಂಟನ್ನು ತಲುಪಿಸಲು ಅಂಗಡಿಗೆ ಹೋದಾಗ ಶೇಠ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಎದುರಿನ ಕುರ್ಚಿಯಲ್ಲಿ ಕನ್ನಡಕ ಹಾಕಿದ ಪಾರ್ಸಿ ಹೆಂಗಸೊಬ್ಬರು. ಯಾವುದೋ ವಿದೇಶಿ ಕಾನ್ಸುಲೇಟಿನ ಆಫೀಸಿನಲ್ಲಿ ಸೆಕ್ರೆಟರಿಯಂತೆ. ಮೇ ತಿಂಗಳ ಮೊದಲ ವಾರ ಸಮುದ್ರದ ದಂಡೆಯ ಬಂಗಲೆಯೊಂದರಲ್ಲಿ ಏಳೆಂಟು ದೇಶಗಳ ಕಾನ್ಸುಲೇಟಿನವರು ಸೇರಿ ಸಮಾರಂಭ ಮಾಡುವವರಿದ್ದರು. ಅದಕ್ಕೆ ದೊಡ್ಡ ಬಾವುಟ ಬೇಕು. ಅಂಗಡಿಯ ಆಳುಗಳು ಹಡಗೊಂದರ ಪೂರ್ತಿ ಸಂಕೇತದ ಬಾವುಟಗಳಲ್ಲಿ ಮುಳುಗಿದ್ದರು, ತಲೆ ಎತ್ತುವ ಹಾಗಿರಲಿಲ್ಲ.

"ಯಾವ ದೇಶದ್ದು?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

"ದೇಶದ್ದಲ್ಲ, ಖಂಡದ್ದು. ಯುರೋಪಿನದು," ಎಂದರು ಆ ಪಾರ್ಸಿ ಬಾಯಿ.

ಖಂಡಕ್ಕೂ ಒಂದು ಬಾವುಟ ಇರುತ್ತದೆಂದು ನನಗೆ ಅದೇ ಮೊದಲು ಗೊತ್ತಾದದ್ದು. ಅವರು ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಚಿತ್ರವನ್ನು ತೋರಿಸಿದರು. ನೀಲಿ ಬಟ್ಟೆ, ನಡುವೆ ಬಳೆಯ ಹಾಗೆ ಹನ್ನೆರಡು ಹಳದಿ ನಕ್ಷತ್ರ. ಗಡಿಯಾರದ ಅಂಕಿಗಳಿರುವ ಜಾಗದಲ್ಲಿ ಒಂದೊಂದು. ಹನ್ನೆರಡು ದೇಶಗಳೇ ಎಂದು ಕೇಳಿದೆ. ಅಲ್ಲ, ದೇಶಗಳ ಲೆಕ್ಕಕ್ಕೂ ನಕ್ಷತ್ರದ ಲೆಕ್ಕಕ್ಕೂ ಸಂಬಂಧವಿಲ್ಲ, ವರ್ಷಕ್ಕೆ ಹನ್ನೆರಡು ತಿಂಗಳಿದ್ದಂತೆ, ತುಂಬಿತು ಎನ್ನುವುದಕ್ಕೆ ಹನ್ನೆರಡು ಎಂದರು. "ಕೋಯೀ ತಾರಾ ಕಿಸೀ ಏಕ್ ಕಾ ನಹೀಂ. ಸಬ್ ಸಬ್ ಕೇ," ಎಂದು ಕೈಯಿಂದ ಗಾಳಿಯಲ್ಲಿ ಒಂದು ಸುತ್ತು ಬರೆದರು. ಯಾವ ನಕ್ಷತ್ರವೂ ಒಬ್ಬರದಲ್ಲ, ಎಲ್ಲವೂ ಎಲ್ಲರದು ಎಂಬ ಆ ಮಾತು ನನಗೆ ತುಂಬ ಹಿಡಿಸಿತು.

"ನಾವು ಮಾಡಿಕೊಡ್ತೀವಿ," ಎಂದುಬಿಟ್ಟೆ.

ಶೇಠ್ ನಕ್ಕರು. "ಬಾಯಿ, ತುಮ್ ಲೋಗ್ ತೊ ಕಿನಾರಾ ಸೀತೇ ಹೋ." ನೀವು ಅಂಚು ಹೊಲಿಯುವವರು.

"ಕಿನಾರಾ ಭೀ ತೊ ಝಂಡೇ ಕಾ ಹೀ ಹೈ, ಶೇಠ್‌ಜಿ," ಎಂದೆ. ಅಂಚೂ ಬಾವುಟದ್ದೇ ತಾನೆ.

ಪಾರ್ಸಿ ಬಾಯಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಶೇಠ್ ಗಡಿಯಾರ ನೋಡಿದರು. ಕೊನೆಗೆ ಶೇಠ್ ತಮ್ಮ ಶರ್ತ ಹೇಳಿದರು. ಕಾನ್ಸುಲೇಟಿನವರು ಒಪ್ಪಿದರೆ ಇನ್ನು ಮುಂದೆ ಕತ್ತರಿಸದ ಬಟ್ಟೆಯೇ ನಮ್ಮ ಖೋಲಿಗೆ ಬರುತ್ತದೆ, ಇಡೀ ಬಾವುಟ ನಮ್ಮದು. ಒಪ್ಪದಿದ್ದರೆ ಅಂಚಿಗೇ ಕೂರಬೇಕು, ಮತ್ತೆ ಈ ಮಾತು ಎತ್ತಬಾರದು. ನೀಲಿ ಬಟ್ಟೆ ಇದ್ದದ್ದು ಒಂದೇ ಬಾವುಟಕ್ಕೆ ಆಗುವಷ್ಟು. ಕೆಟ್ಟರೆ ಇನ್ನೊಂದಿಲ್ಲ. ಆ ಗಂಟು ಹೊತ್ತು ಪರೇಲಿಗೆ ಬಂದ ಸಂಜೆ ನನಗೆ ಲೋಕಲ್ ರೈಲಿನ ನೂಕುನುಗ್ಗಲೂ ಹಿತವಾಗಿತ್ತು.

ನನ್ನ ಅತ್ತೆ ನಮ್ಮ ಗುಂಪಿನ ಹಿರಿಯರು. ಊರಿನಲ್ಲಿ ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸುತ್ತ ನಾಲ್ಕೂ ಕಡೆ ಹೆಂಗಸರು ಕೂತು, ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುವುದು ಕೌದಿಯ ಕ್ರಮ. ಕೊನೆಗೆ ನಡುವೆ ಒಂದು ಚೌಕದ ತೇಪೆ. ಅದಕ್ಕೆ ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದರೊಳಗೆ ಒಂದು ಜೋಳದ ಕಾಳು ಇಟ್ಟು ಹೊಲಿಯಬೇಕು. ಹೊದೆಯುವವರು ಹಸಿದು ಮಲಗಬಾರದೆಂದು.

ಚಿತ್ರ ನೋಡಿದೊಡನೆ ಅತ್ತೆಯ ಕಣ್ಣು ಬಿದ್ದದ್ದು ಖಾಲಿ ನಡುವಿನ ಮೇಲೆ.

"ಇದರ ಹೊಟ್ಟಿ ಎಲ್ಲಿ ಐತಿ?"

"ಇಲ್ಲರಿ ಅತ್ತಿ. ನಡುವ ಖಾಲಿನ ಇರಬೇಕಂತ."

"ಯಾರದಿದು?"

"ಯುರೋಪಂತ. ಭಾಳ ದೇಶ ಕೂಡಿದ್ದು."

"ನಮ್ಮಣ್ಣ ಲಡಾಯಿಗೆ ಹೋಗಿದ್ನಲ್ಲ, ಆ ಕಡೀದೇನ?"

ಅತ್ತೆಯ ಅಣ್ಣ ದೊಡ್ಡ ಯುದ್ಧದ ಕಾಲದಲ್ಲಿ ಪಲ್ಟಣಿನ ಜೊತೆ ಇಟಲಿಗೆ ಹೋಗಿ ಬಂದವರು. ಅವರು ತಂದಿದ್ದ ತಗಡಿನ ಮಗ್ಗು ಈಗಲೂ ನಮ್ಮ ಮನೆಯಲ್ಲಿತ್ತು. ಹೌದು, ಅದೇ ಕಡೆಯದು ಎಂದೆ.

"ಅವು ಒಂದನ್ನೊಂದು ಬಡಕೊಂಡು ಸತ್ತಿದ್ವಲ್ಲವ್ವ."

"ಸಾಕಾಗಿ ಈಗ ಕೂಡ್ಯಾವರಿ."

"ಚೊಲೊ ಆತು," ಎಂದರು ಅತ್ತೆ. ಚಿತ್ರದ ಖಾಲಿ ನಡುವಿನ ಮೇಲೆ ಬೆರಳಿಟ್ಟರು. "ಅಲ್ಲಿ ಕೂಸುಗಳು ನಮ್ಮ ಸಿಪಾಯಿಗಳ ತಾಟು ನೋಡಿಕೋತ ನಿಂದರತಿದ್ವಂತ. ಅಣ್ಣ ರೊಟ್ಟಿ ಕೊಡತಿದ್ನಂತ. ನಡುವ ಒಂದು ಸಣ್ಣ ತೇಪಿ ಹಚ್ಚೂಣು, ನೀಲಿ ಮ್ಯಾಲ ನೀಲಿ. ಯಾರಿಗಿ ಕಾಣಸ್ತೈತಿ?"

ನಾನು ಬೇಡವೇ ಬೇಡ ಎಂದೆ. ಅತ್ತೆ ಆಗಲಿ ಬಿಡು ಎಂದರು. ಅವರು ಅಷ್ಟು ಬೇಗ ಒಪ್ಪುವವರಲ್ಲ, ಆದರೆ ನನ್ನ ತಲೆಯ ತುಂಬ ನಕ್ಷತ್ರಗಳಿದ್ದವು.

ಬಾವುಟ ಆರಡಿ ಎತ್ತರ, ಒಂಬತ್ತಡಿ ಉದ್ದ. ಮೊದಲು ಬಣ್ಣದ ಪರೀಕ್ಷೆ. ಬಿಳಿ ಚಿಂದಿಯನ್ನು ಒದ್ದೆ ಮಾಡಿ ಹಳದಿ ಬಟ್ಟೆಯ ಮೇಲೆ ತಿಕ್ಕಿದರೆ ಚಿಂದಿ ಅರಿಸಿನವಾಯಿತು. ಹಾಗೇ ಹೊಲಿದಿದ್ದರೆ ಮೊದಲ ತೇವಕ್ಕೇ ನೀಲಿಯ ಮೇಲೆಲ್ಲ ಹಸಿರು ಕಲೆ. ಉಪ್ಪುನೀರಿನಲ್ಲಿ ನೆನೆಹಾಕಿ, ಹಿಂಡಿ, ನೆರಳಲ್ಲಿ ಒಣಗಿಸಿ, ಮತ್ತೆ ನೆನೆಹಾಕಿದೆವು. ಚಿಂದಿ ಬಿಳಿಯಾಗಿ ಉಳಿಯುವವರೆಗೂ ಚಾಳಿನ ಗ್ಯಾಲರಿಯಲ್ಲಿ ಹಳದಿ ಬಟ್ಟೆ ಜೋತಾಡುತ್ತಿತ್ತು. ಯಾರ ಮನೆಯ ಮದುವೆ ಎಂದು ಮೇಲಿನ ಮಾಳಿಗೆಯವರು ಕೇಳಿದ್ದೇ ಕೇಳಿದ್ದು.

ನೀಲಿಯ ನಡುವೆ ಎರಡು ಅಡಿ ದಾರ ಹಿಡಿದು ಸೀಮೆಸುಣ್ಣದಿಂದ ವೃತ್ತ ಎಳೆದೆ. ಅದೇ ದಾರದಿಂದ ವೃತ್ತದ ಮೇಲೆ ಅಳೆಯುತ್ತ ಹೋದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ರಂಗೋಲಿಯಲ್ಲಿ ಆರೆಸಳಿನ ಹೂ ಬಿಡಿಸಿದವರಿಗೆ ಇದು ಹೊಸದಲ್ಲ. ಎರಡೆರಡರ ನಡುವೆ ಇನ್ನೊಂದು ಗುರುತು ಹಾಕಿದರೆ ಹನ್ನೆರಡು. ಐದು ಮೂಲೆಯ ನಕ್ಷತ್ರ ಮಾತ್ರ ಬಹಳ ಕಾಡಿತು. ನಾಲ್ಕು ಇಂಚಿನ ದಾರದಿಂದ ರಟ್ಟಿನ ಮೇಲೆ ಸಣ್ಣ ವೃತ್ತ ಎಳೆದು ಕಣ್ಣಳತೆಯಲ್ಲಿ ಐದು ಗುರುತು ಮಾಡಿದೆ. ಕತ್ತರಿಸಿ ನೋಡಿದರೆ ನಕ್ಷತ್ರಕ್ಕೆ ಒಂದು ಕಾಲು ಕುಂಟು. ನಮ್ಮ ಗುಂಪಿನ ಮೂಲೆಮನೆಯ ಆಪಾ, ಹಾಸಿಗೆಗೆ ಹತ್ತಿ ತುಂಬುವವನ ಹೆಂಡತಿ, ಅದನ್ನೆತ್ತಿ ಹಿಡಿದು, "ಇಸ್ಕೂ ದವಾಖಾನೆ ಲೇ ಜಾವ್," ಎಂದಳು. ಕೊನೆಗೆ ವೃತ್ತದ ಸುತ್ತ ದಾರ ಸುತ್ತಿ, ಬಿಚ್ಚಿ, ಆ ದಾರವನ್ನು ಐದು ಸಮ ಮಡಿಕೆ ಮಾಡಿದೆ. ಮಡಿಕೆಗೊಂದು ಗುರುತು ಹಾಕಿ ಮತ್ತೆ ಸುತ್ತಿದಾಗ ನಕ್ಷತ್ರ ತನ್ನ ಕಾಲ ಮೇಲೆ ತಾನು ನಿಂತಿತು. ಬಾವುಟದ ಎರಡೂ ಮುಖಕ್ಕೆ ಬೇಕಾಗುವಷ್ಟು ನಕ್ಷತ್ರ ಕತ್ತರಿಸಿ, ಅಂಚು ಮಡಚಿ, ಇಸ್ತ್ರಿ ಮಾಡಿಟ್ಟೆ. ಒಂದರ ಮೇಲೊಂದು ಪೇರಿಸಿದಾಗ ಹೋಳಿಗೆಯ ಗುಡ್ಡೆ ಇದ್ದಂತಿತ್ತು.

ಹೊಲಿಗೆ ಹಾಕುವ ದಿನ ಬಟ್ಟೆಯನ್ನು ನೆಲಕ್ಕೆ ಹಾಸಿ, ಸರಿಯದಂತೆ ನಾಲ್ಕು ಮೂಲೆಗೂ ಒಳಕಲ್ಲಿನ ಗುಂಡು, ಇಸ್ತ್ರಿಪೆಟ್ಟಿಗೆ, ಭಜನೆಯವರ ಪೆಟಾರಿ, ಅಕ್ಕಿಯ ಡಬ್ಬ ಇಟ್ಟೆವು. ಎಲ್ಲರಿಗೂ ನಕ್ಷತ್ರ ಹಂಚಿ, ಚಿತ್ರ ತೋರಿಸಿ, "ಒಂದು ಮೂಲಿ ಮ್ಯಾಲ, ಎರಡು ಕಾಲು ಕೆಳಗ. ನೆಟ್ಟಗ ನಿಂದರಬೇಕು," ಎಂದು ಹೇಳಿದೆ. ತಲೆ ಮೇಲೆ, ಕಾಲು ಕೆಳಗೆ ಎಂದು ಎಲ್ಲರೂ ಒಪ್ಪಿಸಿದರು. ಹಳದಿ ದಾರ ಸಾಲದೆಂದು ನಾನು ಅಂಗಡಿಗೆ ಹೋದೆ.

ಬರುವಷ್ಟರಲ್ಲಿ ಮೇಲ್ಮುಖದ ಹನ್ನೆರಡೂ ಮುಗಿದಿದ್ದವು. ಕೌದಿಯವರ ಕೈ. ಇರುವೆ ಸಾಲಿನಂಥ ಒತ್ತು ಹೊಲಿಗೆ, ಒಂದು ಎಳೆ ಆಚೀಚೆ ಇಲ್ಲ. ನೆಲದ ಮೇಲೆ ನೋಡಿದಾಗ ನನಗೆ ಕಣ್ಣು ತುಂಬುವಷ್ಟು ಸಂತೋಷವಾಯಿತು. ನಿಲ್ಲಿಸಿ ನೋಡೋಣವೆಂದು ಎರಡು ಮೂಲೆ ಹಿಡಿದು ತಾಳದ ಗೂಟಕ್ಕೆ ನೇತುಹಾಕಿದೆವು.

ಕೆಳಗಿನ ನಕ್ಷತ್ರಗಳು ನೆಟ್ಟಗಿದ್ದವು. ಎಡಬಲದವು ಅಡ್ಡ ಮಲಗಿದ್ದವು. ಮೇಲಿನವು ತಲೆ ಕೆಳಗು.

ಆಪಾ ತಲೆ ಓರೆ ಮಾಡಿ ನೋಡಿ, "ಆಧೇ ತೊ ಶೀರ್ಷಾಸನ ಹಾಕ್ಯಾರೆ," ಎಂದಳು. ನಗು ಬಂದದ್ದು ಎಲ್ಲಿಂದಲೋ. ಒಬ್ಬರನ್ನೊಬ್ಬರು ಹಿಡಿದು ನೆಲಕ್ಕೆ ಕೂತು ನಕ್ಕೆವು. ನಗುತ್ತಲೇ ನಡೆದದ್ದು ಏನೆಂದು ನನಗೆ ಹೊಳೆಯಿತು. ಕೌದಿಗೆ ಕೂತಂತೆ ನಾಲ್ಕೂ ಕಡೆ ಕೂತಿದ್ದರು. ಕೌದಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಹೊಲಿಯುವವಳ ಮಡಿಲೇ ಕೆಳಗೆ, ಅವಳ ಎದುರೇ ಮೇಲೆ. ಪ್ರತಿಯೊಬ್ಬಳೂ ನಾನು ಹೇಳಿದಂತೆಯೇ ಮಾಡಿದ್ದಳು, ಕಾಲು ತನ್ನ ಕಡೆ, ತಲೆ ನಡುವಿನ ಕಡೆ. ಹನ್ನೆರಡೂ ನಕ್ಷತ್ರ ಒಂದೇ ಪರಾತದ ಸುತ್ತ ಊಟಕ್ಕೆ ಕೂತ ಹಾಗಿದ್ದವು.

"ಇದನ ಚಂದ ಐತಿ," ಎಂದರು ಅತ್ತೆ. ಅವರು ತಮಾಷೆ ಮಾಡುತ್ತಿರಲಿಲ್ಲ. "ಕೂಡ್ಯಾವ ಅಂದಿ. ಕೂಡಿದ ಮಂದಿ ಮುಖಾ ಮುಖಾ ನೋಡಿಕೋತ ಕುಂದರತಾರೊ ಇಲ್ಲೊ? ಆ ಚಿತ್ರದಾಗಿನವು ಒಬ್ಬರ ಮುಖ ಒಬ್ಬರು ನೋಡವಲ್ಲವು. ಫೋಟೊಕ್ಕ ನಿಂತಾಂಗ ನಿಂತಾವು."

ನಿಜ ಹೇಳಬೇಕೆಂದರೆ ನನಗೂ ಅದೇ ಚಂದ ಕಂಡಿತು. ಇನ್ನಿಬ್ಬರು, ಹಾಗೇ ಕೊಟ್ಟುಬಿಡೋಣ, ಮೇಲೆ ಹಾರುವಾಗ ಯಾರು ಕುತ್ತಿಗೆ ಎತ್ತಿ ನೋಡುತ್ತಾರೆ ಎಂದರು. ಬಿಚ್ಚಿದರೆ ಬಿಚ್ಚಿದಲ್ಲೆಲ್ಲ ಸೂಜಿಯ ತೂತು. ನಕ್ಷತ್ರ ತಿರುಗಿಸಿ ಕೂರಿಸಿದರೂ ಹಳೆಯ ತೂತು ಮೂಲೆಗಳ ನಡುವೆ ನೀಲಿಯಲ್ಲಿ ಕಾಣುತ್ತದೆ, ಬೆಳಕಿಗೆ ಹಿಡಿದರೆ ಜರಡಿ. ಬೇರೆ ಬಟ್ಟೆ ಇಲ್ಲ. ಸಮಾರಂಭದ ದಿನ ಹತ್ತಿರ ಬರುತ್ತಿತ್ತು.

ನಾನು ಗ್ಯಾಲರಿಗೆ ಹೋಗಿ ನಿಂತೆ. ಹಾಗೇ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆ ಪಾರ್ಸಿ ಬಾಯಿಯ ಕನ್ನಡಕದ ಕೆಳಗೆ ಇದು ತಪ್ಪಿಸಿಕೊಳ್ಳುವುದಿಲ್ಲ. ಶೇಠ್ ಬೈಯುವುದೂ ಇಲ್ಲ, ನಗುತ್ತಾರೆ. ಹೆಂಗಸರು ಕಿನಾರಾ ಹೊಲಿಯಲಿ ಎನ್ನುತ್ತಾರೆ. ಇಷ್ಟು ಚೆನ್ನಾಗಿ ಹೊಲಿದವರು ಜೀವನವಿಡೀ ಅಂಚಿನಲ್ಲೇ ಕೂರುವುದು ನನ್ನಿಂದ ನೋಡಲಾಗದು. ಒಳಗೆ ಹೋಗಿ, "ಬಿಚ್ಚೂಣು," ಎಂದೆ.

"ನಾಕೂ ಕಡೆ ಕುಂದರೂದು ಬ್ಯಾಡಂತೀ ಏನು?" ಎಂದರು ಒಬ್ಬರು. "ಸಾಲಾಗಿ ಸಾಲಿ ಹುಡುಗರಾಂಗ ಒಂದ ಕಡೆ ಕುಂತು ನನಗ ಹೊಲ್ಯಾಕ ಬರೂದಿಲ್ಲ ನೋಡವ್ವ."

ಅದೂ ನಿಜವೇ. ಎಲ್ಲರೂ ಒಂದೇ ಕಡೆ ಕೂತರೆ ಆಚೆಯ ನಕ್ಷತ್ರಕ್ಕೆ ಕೈ ಎಟುಕದು, ಮಾತೂ ಇರದು. ಮಾತಿಲ್ಲದಿದ್ದರೆ ನಮ್ಮವರ ಸೂಜಿ ಓಡುವುದಿಲ್ಲ. ಯೋಚಿಸುತ್ತಿದ್ದಾಗ ಹೊರಗೆ ದಾದರಿಗೂ ವಿ.ಟಿ. ಸ್ಟೇಷನ್ನಿಗೂ ಓಡಾಡುವ ಲೋಕಲ್ ಹಾದುಹೋಯಿತು. ಖೋಲಿಯ ಒಂದು ಗೋಡೆ ದಾದರ್ ಕಡೆ, ಎದುರಿನದು ವಿ.ಟಿ. ಕಡೆ. ಚಾಳಿನಲ್ಲಿ ನಲ್ಲಿ ಎಲ್ಲಿ, ಸಂಡಾಸು ಎಲ್ಲಿ, ಅಂಗಡಿ ಎಲ್ಲಿ ಎಂದರೂ ದಾದರ್ ಸೈಡ್, ವಿ.ಟಿ. ಸೈಡ್ ಎಂದೇ ಹೇಳುವುದು. ಊರಿನಿಂದ ಮೊನ್ನೆ ಬಂದವರೂ ಕಣ್ಣು ಮುಚ್ಚಿಕೊಂಡು ತೋರಿಸುತ್ತಾರೆ.

"ನೀವು ಕುಂತಲ್ಲೇ ಕುಂದರ್ರಿ," ಎಂದೆ. "ನಿಮ್ಮ ಮುಖ ಯಾವ ಕಡೆ ಇದ್ದರೂ ಇರಲಿ. ನಕ್ಷತ್ರದ ತಲಿ ಮಾತ್ರ ದಾದರ್ ಸೈಡ್, ಕಾಲು ವಿ.ಟಿ. ಸೈಡ್."

ಅಷ್ಟೇ ಸಾಕಾಯಿತು. ಆಪಾ ಕೂತದ್ದು ದಾದರ್ ಗೋಡೆಗೆ ಬೆನ್ನು ಹಾಕಿ. "ಅಂದ್ರೆ ನನ್ನವರು ತಲೆ ನನ್ನ ಮಡಿಲೊಳಗೆ ಇಡ್ತಾರೆ ಬೋಲೋ," ಎಂದು ಮಡಿಲು ಸರಿಮಾಡಿಕೊಂಡಳು. ವಿ.ಟಿ. ಕಡೆ ಕೂತ ಅತ್ತೆಯ ನಕ್ಷತ್ರಗಳು ಮೊದಲಿನಿಂದಲೂ ಸರಿಯಾಗಿಯೇ ಇದ್ದವು. ಅವನ್ನು ಮುಟ್ಟುವುದು ಬೇಕಿರಲಿಲ್ಲ. ಮುಟ್ಟಬೇಡ ಎಂದು ಅವರೂ ಎರಡು ಸಲ ಹೇಳಿದರು.

ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದೆವು. ಬಿಚ್ಚಿದ ಜಾಗಕ್ಕೆ ನೀರು ಚಿಮುಕಿಸಿ, ಚಮಚದ ಬೆನ್ನಿನಿಂದ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎಳೆಗಳನ್ನು ಸರಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದರೆ ತೂತು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮೊದಲ ನಕ್ಷತ್ರದ ಜಾಗವನ್ನು ಕಿಟಕಿಗೆ ಹಿಡಿದು ನೋಡಿದಾಗ ಎಲ್ಲರೂ ಉಸಿರು ಬಿಟ್ಟರು. ಹೊಸದಾಗಿ ಕೂರಿಸಿ, ಹೊಲಿದು, ಬಟ್ಟೆ ಮಗುಚಿ, ಮೂಲೆಗಳಲ್ಲಿ ಸೂಜಿ ತೂರಿಸಿ ಗುರುತು ಹಿಡಿದು, ಹಿಂಬದಿಯ ನಕ್ಷತ್ರಗಳನ್ನು ಮುಂದಿನವುಗಳ ಬೆನ್ನಿಗೇ ಕೂರಿಸಿದೆವು. ಮಗುಚಿದ ಮೇಲೂ ತಲೆ ದಾದರ್ ಕಡೆಯೇ. ಅಂಚು ನಾನೇ ಹೊಲಿದೆ. ಅಷ್ಟು ಪ್ರೀತಿಯಿಂದ ಅಂಚು ಹೊಲಿದದ್ದು ಅದೇ ಮೊದಲು.

ಒಪ್ಪಿಸುವ ದಿನ ಅತ್ತೆ ತಾನೂ ಬರುತ್ತೇನೆಂದು ಹಟ ಹಿಡಿದರು. ಪೆಟ್ಟಿಗೆಯಿಂದ ಇಳಕಲ್ ಸೀರೆ ಹೊರಬಂತು. ಅಂಗಡಿಯಲ್ಲಿ ಪಾರ್ಸಿ ಬಾಯಿಯ ಜೊತೆಗೆ ಬಹಳ ಎತ್ತರದ ಒಬ್ಬ ಬಿಳಿಯ ಸಾಹೇಬರೂ ಇದ್ದರು. ಸಮಾರಂಭದ ಹೊಣೆ ಅವರದಂತೆ. ಬಾವುಟವನ್ನು ಉದ್ದನೆಯ ಮೇಜಿನ ಮೇಲೆ ಹಾಸಿದೆವು. ಸಾಹೇಬರು ಅಳತೆಪಟ್ಟಿ ಇಟ್ಟು ನೋಡಿದರು. ಒಂದು ತುದಿ ಎತ್ತಿ ದೀಪಕ್ಕೆ ಹಿಡಿದರು. ಒಂದು ತೂತೂ ಕಾಣದೆ ನೀಲಿ ನೀಲಿಯಾಗಿಯೇ ಇತ್ತು. ಅವರು ತಲೆಯಾಡಿಸಿದರು. ಶೇಠ್ ಚಹಾ ತರಲು ಹೇಳಿದರು.

ಆಗ ಪಾರ್ಸಿ ಬಾಯಿ ಸುಮ್ಮನೆ ಬಟ್ಟೆ ಸವರುತ್ತ ಬಂದವರು ತೀರ ಕೆಳಗಿನ ನಕ್ಷತ್ರದ ಮೇಲೆ ಕೈ ನಿಲ್ಲಿಸಿದರು. ಬೆರಳಿನಿಂದ ಒತ್ತಿದರು. ಮತ್ತೆ ಒತ್ತಿದರು. "ಅಂದರ್ ಕುಛ್ ಹೈ." ಒಳಗೆ ಏನೋ ಇದೆ.

ಅದು ಅತ್ತೆಯ ನಕ್ಷತ್ರ. ನಾನು ತಿರುಗಿ ನೋಡಿದೆ. ಅತ್ತೆ ಅಂಗಡಿಯ ಹಗ್ಗದ ಸುರುಳಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಶೇಠ್ ಮುಖ ಗಂಟಿಕ್ಕಿ ಕತ್ತರಿಗೆ ಕೈ ಹಾಕಿದರು. ಗೊತ್ತಿಲ್ಲ, ದಾರದ ಗಂಟಿರಬೇಕು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅತ್ತೆಯ ಎದುರಿಗೆ ಅವರ ಕಾಳನ್ನು ಗಂಟೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

"ಜ್ವಾರಿ ಕಾ ದಾನಾ ಹೈ," ಎಂದೆ. ಜೋಳದ ಕಾಳು. ಕೌದಿಯ ಹೊಟ್ಟೆಯ ಕಥೆ ಹೇಳಿದೆ. ಅತ್ತೆಯ ಅಣ್ಣನ ಕಥೆ, ತಾಟು ನೋಡುತ್ತ ನಿಂತ ಮಕ್ಕಳ ಕಥೆ, ನಡುವೆ ಖಾಲಿ ಬಿಡಬೇಕೆಂದು ನಾನು ಹಟ ಮಾಡಿದ್ದು, ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಪಾರ್ಸಿ ಬಾಯಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದರು. ಶೇಠ್ ಕತ್ತರಿ ಹಿಡಿದೇ ನಿಂತಿದ್ದರು.

ಸಾಹೇಬರು ಬಾಗಿ, ತಮ್ಮ ಬೆರಳಿನಿಂದ ಆ ನಕ್ಷತ್ರವನ್ನು ಮುಟ್ಟಿ ನೋಡಿದರು. ಆಮೇಲೆ ಪಕ್ಕದ್ದನ್ನು ಮುಟ್ಟಿದರು. ಅದರ ಪಕ್ಕದ್ದನ್ನೂ. ಹೀಗೆ ಮೇಜಿನ ಸುತ್ತ ಒಂದು ಸುತ್ತು ಬಂದು, ಗಂಭೀರವಾಗಿ ಏನೋ ಕೇಳಿದರು. ಪಾರ್ಸಿ ಬಾಯಿಗೆ ನಗು ತಡೆಯಲಾಗಲಿಲ್ಲ.

"ಸಾಹೇಬರು ಕೇಳ್ತಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದರು, "ಒಂದಕ್ಕೇ ಯಾಕೆ? ಉಳಿದ ಹನ್ನೊಂದಕ್ಕೆ ಉಪವಾಸವೇ?"

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಇಳಕಲ್ ಸೆರಗಿನ ತುದಿಯ ಗಂಟನ್ನು ಮುಂದಕ್ಕೆ ತಂದು ಬಿಚ್ಚಿದರು. ಅಂಗೈ ಮೇಲೆ ಬಿಳಿ ಜೋಳದ ಕಾಳು, ಬೇಕಾದದ್ದಕ್ಕಿಂತ ಹೆಚ್ಚೇ.

"ಎಲ್ಲಾಕ್ಕೂ ಇಡಬೇಕಂತನ ಇದ್ದೆ," ಎಂದರು ನನ್ನ ಕಡೆ ನೋಡಿ. "ನೀ ಬೈತಿ ಅಂತ ಬಿಟ್ಟೆ."

ಅಲ್ಲೇ ಮೇಜಿನ ಹತ್ತಿರ ಅತ್ತೆಗೆ ಕುರ್ಚಿ ಹಾಕಿಸಿದರು. ನಾನು ಒಂದೊಂದು ನಕ್ಷತ್ರದ ಕಾಲಿನ ಬಳಿ ನಾಲ್ಕು ಹೊಲಿಗೆ ಬಿಚ್ಚಿಕೊಟ್ಟೆ, ಅತ್ತೆ ಕಾಳು ತೂರಿಸಿ ಮುಚ್ಚಿದರು. ಸಾಹೇಬರು ಒಂದು ಕಾಳನ್ನು ತಾವೇ ಇಡುತ್ತೇನೆಂದು ಇಟ್ಟರು. ಅವರ ದಪ್ಪ ಬೆರಳಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಚಹಾ ಬಂದು ಆರಿತು. ಶೇಠ್ ಮಾತ್ರ ಒಂದೇ ಪ್ರಶ್ನೆ ಕೇಳಿದರು, ಮಳೆ ಬಂದರೆ ಮೊಳಕೆ ಒಡೆಯುವುದಿಲ್ಲವೇ ಎಂದು. ಮೇ ತಿಂಗಳಲ್ಲಿ ಬೊಂಬಾಯಿಯಲ್ಲಿ ಮಳೆ ಎಲ್ಲಿಯದು ಎಂದು ಪಾರ್ಸಿ ಬಾಯಿ ಅವರ ಬಾಯಿ ಮುಚ್ಚಿಸಿದರು.

ಸಮಾರಂಭಕ್ಕೆ ನಮ್ಮನ್ನು ಯಾರೂ ಕರೆದಿರಲಿಲ್ಲ, ಕರೆಯುವ ಮಾತೂ ಇರಲಿಲ್ಲ. ಆದರೆ ಸಮುದ್ರದ ದಂಡೆಯ ಫುಟ್‌ಪಾತು ಯಾರಪ್ಪನದೂ ಅಲ್ಲ. ಅಂದು ಸಂಜೆ ಆರೂ ಜನ, ಶೇಂಗಾ ಪೊಟ್ಟಣ ಹಿಡಿದು, ಬಂಗಲೆಯ ಎದುರಿನ ಕಟ್ಟೆಯ ಮೇಲೆ ಸಾಲಾಗಿ ಕೂತೆವು. ಒಳಗೆ ಬ್ಯಾಂಡಿನವರು ಏನೋ ಮೆಲ್ಲನೆಯ ರಾಗ ನುಡಿಸುತ್ತಿದ್ದರು. ಕಂಬದ ತುದಿಗೆ ಬಾವುಟ ಹೋಯಿತು. ಮೊದಲು ಗಾಳಿಯಿಲ್ಲದೆ ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿತು. ನನಗೆ ಕಾಯುವ ತಾಳ್ಮೆಯೇ ಇರಲಿಲ್ಲ.

ಆಮೇಲೆ ಸಮುದ್ರದಿಂದ ಗಾಳಿ ಎದ್ದಿತು. ಬಾವುಟ ಒಮ್ಮೆ ಕೊಡವಿಕೊಂಡು ಪೂರ್ತಿ ಬಿಚ್ಚಿಕೊಂಡಿತು. ಹನ್ನೆರಡೂ ನಕ್ಷತ್ರ ನೆಟ್ಟಗೆ ನಿಂತಿದ್ದವು. ನಾನು ಹೊಲಿದ ಬಾವುಟವೊಂದು ಹಾರುವುದನ್ನು ನಾನು ನೋಡಿದ್ದು ಅದೇ ಮೊದಲು. ಅಳು ಬಂತು, ಅತ್ತುಬಿಟ್ಟೆ. ಆಪಾ ನನ್ನ ಕೈಗೆ ಶೇಂಗಾ ತುರುಕಿದಳು.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಮುಖಾ ಮುಖಾ ನೋಡದಿದ್ರೂ ಅಡ್ಡಿಯಿಲ್ಲ ಬಿಡು," ಎಂದರು. "ಎಲ್ಲಾರೂ ಉಂಡು ನಿಂತಾರ."

ಮುಂದಿನ ವಾರ ಅಂಗಡಿಯಿಂದ ಗಂಟು ಬಂತು. ಹೊತ್ತು ತಂದವನು ಎಂದಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದ. ಭಜನೆ ಖೋಲಿಯ ಚಾಪೆಯ ಮೇಲೆ ಬಿಚ್ಚಿ, ಅಭ್ಯಾಸಬಲದಿಂದ ಅಂಚು ಹುಡುಕಿದೆ. ಅಂಚು ಸಿಗಲಿಲ್ಲ. ಕೆಂಪು ಬಟ್ಟೆಯ ಒಂದು ಥಾನು, ಬಿಳಿಯದೊಂದು ಥಾನು, ಮಿಲ್ಲಿನ ಮಡಿಕೆ ಬಿಚ್ಚದೆ, ಕತ್ತರಿ ಮುಟ್ಟದೆ ಹಾಗೇ ಇದ್ದವು. ಅವುಗಳ ಮೇಲೊಂದು ಹೊಸ ಕತ್ತರಿ.

ಹೆಂಗಸರು ಸುತ್ತ ನಾಲ್ಕೂ ಕಡೆ ಬಂದು ಕೂತರು. ಯಾವ ದೇಶದ್ದೆಂದು ಯಾರೂ ಇನ್ನೂ ಕೇಳಿರಲಿಲ್ಲ. ಅತ್ತೆ ಒಳಗೆ ಹೋಗಿ ಜೋಳದ ಡಬ್ಬಿ ತಂದು ಕತ್ತರಿಯ ಪಕ್ಕದಲ್ಲಿಟ್ಟರು. ನಾನು ಬೇಡವೆನ್ನಲಿಲ್ಲ.